245 ಕುದುರೆಗಳ ಮೇವಿನ ಲೆಕ್ಕ

ನಮ್ಮಲ್ಲಿ ಯಾರು ಕಾರು ಕೊಂಡರೂ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಮೈಲೇಜ್ ಎಷ್ಟು ಕೊಡುತ್ತದೆ?" ಮದುವೆ ಮನೆಯ ಚಪ್ಪರದಲ್ಲೂ ಇದೇ ಪ್ರಶ್ನೆ, ಜುಮಾ ಮುಗಿಸಿ ಮಸೀದಿಯ ಅಂಗಳಕ್ಕೆ ಇಳಿದಾಗಲೂ ಇದೇ ಪ್ರಶ್ನೆ. ಆದರೆ ಈ ಪ್ರಶ್ನೆಯನ್ನು ಕೇಳಲೇಬಾರದಂತಹ ಒಂದು ಬಗೆಯ ಕಾರುಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಕೇಳಿದರೆ ಹುಡುಗರು ನಗುತ್ತಾರೆ. "ಇದು ಮೈಲೇಜಿಗಾಗಿ ಕೊಳ್ಳುವ ಕಾರಲ್ಲ ಉಸ್ತಾದರೇ" ಎನ್ನುತ್ತಾರೆ. ಮಾತು ನಿಜವೇ. ಆದರೆ ಮೈಲೇಜ್ ಕೇಳದೆ ಕೊಂಡ ಕಾರಿಗೂ ಪೆಟ್ರೋಲ್ ಹಾಕಲೇಬೇಕಲ್ಲ? ಆ ಪೆಟ್ರೋಲಿನ ಹಣ ಮನೆಯ ಯಾವ ಡಬ್ಬಿಯಿಂದ ಬರುತ್ತದೆ ಎಂಬುದು ಈ ತಿಂಗಳ ವಿಷಯ.

ಇವುಗಳನ್ನು ಪರ್ಫಾರ್ಮೆನ್ಸ್ ಕಾರು ಎನ್ನುತ್ತಾರೆ. ನೋಡಲು ಸಾಧಾರಣ ಸೆಡಾನ್ ಅಥವಾ ಹ್ಯಾಚ್‌ಬ್ಯಾಕ್‌ನಂತೆಯೇ ಇರುತ್ತವೆ. ಒಳಗಿನ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಟೈರ್ ಎಲ್ಲವೂ ವೇಗಕ್ಕಾಗಿಯೇ ತಯಾರಾದವು. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಮೊದಲು 2004ರಲ್ಲಿ ಬಂತು. 2011ರಲ್ಲಿ ಲಾರಾ ಆರ್‌ಎಸ್ ಎಂಬ ಹೆಸರಿನಲ್ಲಿ ಬಂತು. 2017ರಲ್ಲಿ 230 ಅಶ್ವಶಕ್ತಿಯದ್ದು ಬಂತು. 2020ರಲ್ಲಿ 245 ಅಶ್ವಶಕ್ತಿಯದ್ದು ಬಂದಾಗ ಇಡೀ ದೇಶಕ್ಕೆ ಇದ್ದದ್ದು 200 ಕಾರುಗಳು, ಬೆಲೆ 35.99 ಲಕ್ಷ ರೂ. 2025ರಲ್ಲಿ ಮತ್ತೆ 100 ಕಾರುಗಳು ಬಂದವು. ಆಗ ಬೆಲೆ 49.99 ಲಕ್ಷ ರೂ.

ಇಷ್ಟು ಹಣ ಕೊಟ್ಟು ಹೊಸದನ್ನು ಕೊಳ್ಳುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವರ ಚಿಂತೆ ನಮಗೆ ಬೇಡ. ನಮ್ಮ ಮನೆಗಳಿಗೆ ಈ ಕಾರುಗಳು ಬರುವುದು ಸೆಕೆಂಡ್ ಹ್ಯಾಂಡ್ ದಾರಿಯಲ್ಲಿ. ಐದಾರು ವರ್ಷ ಓಡಿದ ಮೇಲೆ ಅದರ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಗಲ್ಫಿನಲ್ಲಿ ನಾಲ್ಕು ಕಾಸು ಕೂಡಿಸಿದ ಹುಡುಗನಿಗೆ, ಅಂಗಡಿ ಸ್ವಲ್ಪ ಚೆನ್ನಾಗಿ ನಡೆಯುತ್ತಿರುವ ಯುವಕನಿಗೆ ಅದು ಕೈಗೆಟಕುವಂತೆ ಕಾಣುತ್ತದೆ. "ಹೊಸ ಸಾಧಾರಣ ಕಾರಿನ ಬೆಲೆಗೇ ಇಂತಹ ಕಾರು ಸಿಗುತ್ತದೆ" ಎಂದು ಮನೆಯಲ್ಲಿ ವಾದಿಸುತ್ತಾನೆ. ತಾಯಿಗೆ ಉತ್ತರ ತೋಚುವುದಿಲ್ಲ.

ಆ ತಾಯಂದಿರಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ: ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಸಾಕಣೆಯ ಖರ್ಚು ಇಳಿಯುವುದಿಲ್ಲ. 36 ಲಕ್ಷದ ಕಾರನ್ನು 15 ಲಕ್ಷಕ್ಕೆ ಕೊಂಡರೂ ಅದರ ಟೈರು, ಬ್ರೇಕು, ಬಿಡಿಭಾಗಗಳ ಬೆಲೆ 36 ಲಕ್ಷದ ಕಾರಿನದ್ದೇ. ಕಾರು ಹಳತಾದಷ್ಟೂ ಅವು ಬೇಕಾಗುವುದೂ ಹೆಚ್ಚು.

ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ?

ಅಶ್ವಶಕ್ತಿ ಎಂಬ ಮಾತನ್ನೇ ನೋಡಿ. 18ನೇ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಹಬೆಯ ಯಂತ್ರದ ಬಲವನ್ನು ಜನರಿಗೆ ಅರ್ಥ ಮಾಡಿಸಲು ಕುದುರೆಯ ಕೆಲಸದೊಂದಿಗೆ ಹೋಲಿಸಿ ಈ ಅಳತೆಯನ್ನು ರೂಪಿಸಿದ. ಸಾಧಾರಣ ಸಣ್ಣ ಕಾರಿನಲ್ಲಿ ಎಂಬತ್ತು ತೊಂಬತ್ತು ಕುದುರೆಗಳಿದ್ದರೆ ಆರ್‌ಎಸ್‌ನಲ್ಲಿ 245. ಲಾಯದಲ್ಲಿ 245 ಕುದುರೆ ಕಟ್ಟಿದವನು ಮೇವಿನ ಲೆಕ್ಕ ಕೇಳಬೇಡಿ ಎಂದರೆ ಹೇಗೆ?

ಕಾರು ಮಾರುವಾಗ ಹೇಳುವ ಮೈಲೇಜ್ ಪ್ರಯೋಗಶಾಲೆಯದ್ದು. ಪುಣೆಯ ಎಆರ್‌ಎಐ ಸಂಸ್ಥೆಯ ಹೆಸರಿನಲ್ಲಿ ನಾವು ಕೇಳುತ್ತಾ ಬಂದಿರುವ ಅಂಕಿಗಳು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ಕ್ರಮದಲ್ಲಿ ಓಡಿಸಿ ಪಡೆದವು. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ. ನಮ್ಮ ಏಪ್ರಿಲ್ ತಿಂಗಳ ಸೆಕೆಯೂ ಇಲ್ಲ, ಹೆದ್ದಾರಿಯ ಗುಂಡಿಯೂ ಇಲ್ಲ, ಪೇಟೆಯ ಸಂಜೆಯ ನೂಕುನುಗ್ಗಲೂ ಇಲ್ಲ. ಅಮೆರಿಕದ ಪರಿಸರ ಸಂಸ್ಥೆಯ ಪರೀಕ್ಷೆ ಸ್ವಲ್ಪ ಕಠಿಣ. ಇದೇ ಎಂಜಿನ್ ಕುಟುಂಬಕ್ಕೆ ಸೇರಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ 2019ರ ಮಾದರಿಗೆ ಅದು ಕೊಟ್ಟ ಒಟ್ಟಾರೆ ಅಂಕಿ ಗ್ಯಾಲನ್‌ಗೆ 27 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 11.5 ಕಿ.ಮೀ. ಹೆದ್ದಾರಿಯಲ್ಲಿ ನಿಧಾನವಾಗಿ ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಪೇಟೆಯಲ್ಲಿ, ಅದೂ ಹುಡುಗರ ಕಾಲಿನಲ್ಲಿ, 9ಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಕಾರಣ ಸರಳ. ಒಂದೂವರೆ ಟನ್ ತೂಕದ ಕಾರನ್ನು ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಎತ್ತಲು ಬೇಕಾದ ಶಕ್ತಿಯನ್ನು ಲೆಕ್ಕ ಹಾಕಿದರೆ, ಎಂಜಿನ್ ಪೆಟ್ರೋಲಿನ ಕಾಲು ಭಾಗದಷ್ಟು ಶಕ್ತಿಯನ್ನು ಚಕ್ರಕ್ಕೆ ತಲುಪಿಸುತ್ತದೆ ಎಂದುಕೊಂಡರೂ, ಪ್ರತಿ ಬಾರಿಗೆ ಸುಮಾರು 70 ಮಿಲಿ ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದರೆ ಒಂದು ಸಲಕ್ಕೆ 7 ರೂ. ಮುಂದೆ ಸಿಗ್ನಲ್ ಬಂತು, ಬ್ರೇಕ್ ಒತ್ತಿದ. ಆ 7 ರೂಪಾಯಿ ಬ್ರೇಕಿನ ತಟ್ಟೆಯಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ತಟ್ಟೆಯೂ ಅಷ್ಟು ಸವೆಯಿತು, ಟೈರೂ ಅಷ್ಟು ಸವೆಯಿತು. ಅದೇ ಕಾರನ್ನು 60ರ ತನಕ ಮಾತ್ರ ಎತ್ತಿದರೆ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇನ್ನು ಗಾಳಿಯ ತಡೆ. ವೇಗ 80ರಿಂದ 120ಕ್ಕೆ ಏರಿದರೆ ಅಂದರೆ ಒಂದೂವರೆ ಪಟ್ಟಾದರೆ, ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಒಂದೇ ಕಾರು, ಒಂದೇ ರಸ್ತೆ. ಓಡಿಸುವ ಕಾಲು ಬದಲಾದರೆ ಪೆಟ್ರೋಲ್ ಬಿಲ್ ಬದಲಾಗುತ್ತದೆ.

ಪೆಟ್ರೋಲಿನ ಜಾತಿಯೂ ಮುಖ್ಯ. ಟರ್ಬೊ ಎಂಜಿನ್ ಗಾಳಿ ಮತ್ತು ಇಂಧನವನ್ನು ಗಟ್ಟಿಯಾಗಿ ಒತ್ತುತ್ತದೆ. ಒತ್ತಡಕ್ಕೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣವನ್ನೇ ಆಕ್ಟೇನ್ ಎನ್ನುವುದು. ಅದಕ್ಕಾಗಿ ಇಂತಹ ಕಾರಿನವರು ಹೆಚ್ಚು ಬೆಲೆಯ ಪ್ರೀಮಿಯಂ ಪೆಟ್ರೋಲ್ ಹಾಕುತ್ತಾರೆ. ಇಂಡಿಯನ್ ಆಯಿಲ್ ಡಿಸೆಂಬರ್ 2020ರಲ್ಲಿ 100 ಆಕ್ಟೇನ್ ಪೆಟ್ರೋಲ್ ತಂದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂ. ಇತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಸಾಧಾರಣ ಕಾರಿಗೆ, ಸ್ಕೂಟರಿಗೆ ಇಂತಹ ಪೆಟ್ರೋಲ್ ಹಾಕಿದರೆ ಶಕ್ತಿಯೂ ಹೆಚ್ಚುವುದಿಲ್ಲ, ಮೈಲೇಜೂ ಹೆಚ್ಚುವುದಿಲ್ಲ. ಅದು ಬರಿಯ ಇಸ್ರಾಫ್. ಇನ್ನು 2025ರ ಹೊತ್ತಿಗೆ ನಮ್ಮ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಸೇರಿತು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದರಿಂದ ಅದೇ ಲೀಟರಿನಲ್ಲಿ ಶೇ. 6-7ರಷ್ಟು ಶಕ್ತಿ ಕಡಿಮೆ. 2017, 2020ರ ಕಾರುಗಳು ಈ ಮಿಶ್ರಣ ಬರುವ ಮೊದಲೇ ತಯಾರಾದವು ಎಂಬುದನ್ನೂ ಕೊಳ್ಳುವವರು ನೆನಪಿಡಬೇಕು.

ಗಲ್ಫಿನಿಂದ ಬಂದ ಹುಡುಗರಿಗೆ ಈ ಲೆಕ್ಕ ತಲೆಗೆ ಹತ್ತುವುದು ಸ್ವಲ್ಪ ತಡ. ನೀರಿಗಿಂತ ಅಗ್ಗವಾಗಿ ಪೆಟ್ರೋಲ್ ಸಿಗುತ್ತಿದ್ದ ಕಾಲದ ಕಥೆಗಳನ್ನು ಕೇಳಿ ಬೆಳೆದವರು ಅವರು. ಆದರೆ ಅಲ್ಲಿಯೂ ಕಾಲ ಬದಲಾಗಿದೆ. ಯುಎಇಯಲ್ಲಿ ಆಗಸ್ಟ್ 2015ರಿಂದ ಸಬ್ಸಿಡಿ ಇಲ್ಲ. ದರ ತಿಂಗಳಿಗೊಮ್ಮೆ ನಿಗದಿಯಾಗುತ್ತದೆ. ಸೌದಿಯಲ್ಲಿ 1 ಜನವರಿ 2018ರಂದು 95 ಆಕ್ಟೇನ್ ಪೆಟ್ರೋಲಿನ ದರ ಒಂದೇ ರಾತ್ರಿಯಲ್ಲಿ 90 ಹಲಾಲದಿಂದ 2 ರಿಯಾಲ್ 4 ಹಲಾಲಕ್ಕೆ ಏರಿತು. ಎಣ್ಣೆಯ ಬಾವಿ ಇರುವ ನಾಡಿನಲ್ಲೇ ಪೆಟ್ರೋಲಿಗೆ ಲೆಕ್ಕ ಬಂದಿರುವಾಗ ಅದನ್ನು ಕೊಂಡು ತರುವ ನಾಡಿನಲ್ಲಿ ಲೆಕ್ಕ ಬೇಡವೇ?

ತಿಂಗಳ ಲೆಕ್ಕ

ಪೆಟ್ರೋಲ್ ದೊಡ್ಡ ಖರ್ಚೇ. ಆದರೆ ಅದೇ ಅತಿ ದೊಡ್ಡದಲ್ಲ. ಒಂದು ಕಾಗದ ತೆಗೆದುಕೊಳ್ಳಿ. ಕೆಳಗಿನವು ಅಂದಾಜಿನ ಅಂಕಿಗಳು. ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಬಹುದು. 15 ಲಕ್ಷಕ್ಕೆ ಕೊಂಡ ಹಳೆಯ ಪರ್ಫಾರ್ಮೆನ್ಸ್ ಕಾರು, ತಿಂಗಳಿಗೆ 1,000 ಕಿ.ಮೀ. ಓಟ, ಪೆಟ್ರೋಲ್ ಲೀಟರಿಗೆ 100 ರೂ. ಎಂದಿಟ್ಟುಕೊಳ್ಳೋಣ.

ಲೀಟರಿಗೆ 9 ಕಿ.ಮೀ. ಲೆಕ್ಕದಲ್ಲಿ ಪೆಟ್ರೋಲಿಗೆ 11,100 ರೂ. ಅಗಲವಾದ, ಮೃದು ರಬ್ಬರಿನ ನಾಲ್ಕು ಟೈರಿಗೆ 60,000 ರೂ.; ಅವು 30,000 ಕಿ.ಮೀ. ಬಾಳಿದರೆ ತಿಂಗಳಿಗೆ 2,000 ರೂ. ಸರ್ವಿಸ್, ಬ್ರೇಕ್ ಪ್ಯಾಡ್, ಗೇರ್‌ಬಾಕ್ಸಿನ ಎಣ್ಣೆ ಇತ್ಯಾದಿಗೆ ವರ್ಷಕ್ಕೆ 40,000 ಎಂದರೆ ತಿಂಗಳಿಗೆ 3,300 ರೂ. ವಿಮೆ ವರ್ಷಕ್ಕೆ 60,000 ಎಂದರೆ ತಿಂಗಳಿಗೆ 5,000 ರೂ. ಅನಿರೀಕ್ಷಿತ ರಿಪೇರಿಗೆ ತಿಂಗಳಿಗೆ 3,000 ರೂ. ತೆಗೆದಿಡಬೇಕು. ಇಷ್ಟು ಕೂಡಿದರೆ 24,400 ರೂ. ಇದು ಕೈಯಿಂದ ಹೋಗುವ ಹಣ.

ಕಣ್ಣಿಗೆ ಕಾಣದೆ ಹೋಗುವುದು ಇನ್ನೊಂದಿದೆ. ಕಾರಿನ ಬೆಲೆ ವರ್ಷಕ್ಕೆ ಒಂದೂವರೆ ಲಕ್ಷ ಇಳಿದರೆ ತಿಂಗಳಿಗೆ 12,500 ರೂ. ಅದನ್ನೂ ಸೇರಿಸಿದರೆ 36,900 ರೂ. ಕಿಲೋಮೀಟರಿಗೆ ಸುಮಾರು 37 ರೂ. ಇದರಲ್ಲಿ ಪೆಟ್ರೋಲಿನ ಪಾಲು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ.

ಈಗ ಲೀಟರಿಗೆ 18 ಕಿ.ಮೀ. ಕೊಡುವ, 6 ಲಕ್ಷದ ಸಾಧಾರಣ ಕಾರನ್ನು ಅದರ ಪಕ್ಕದಲ್ಲಿ ನಿಲ್ಲಿಸಿ. ಪೆಟ್ರೋಲ್ 5,550, ಟೈರ್ 400, ಸರ್ವಿಸ್ 1,000, ವಿಮೆ 1,250, ರಿಪೇರಿ 500, ಬೆಲೆಯ ಇಳಿಕೆ 4,200. ಒಟ್ಟು 12,900 ರೂ. ಅದೇ ಮಸೀದಿಗೆ, ಅದೇ ಅಂಗಡಿಗೆ, ಅದೇ ಮಾವನ ಮನೆಗೆ ಹೋಗುವ ಎರಡು ಕಾರುಗಳ ನಡುವೆ ತಿಂಗಳಿಗೆ 24,000 ರೂ. ವ್ಯತ್ಯಾಸ. ವರ್ಷಕ್ಕೆ 2 ಲಕ್ಷ 88 ಸಾವಿರ. ನಮ್ಮ ಮದ್ರಸಾಗಳಲ್ಲಿ ಅನೇಕ ಅಧ್ಯಾಪಕರ ತಿಂಗಳ ಸಂಬಳ ಆ 24,000ವನ್ನು ಮುಟ್ಟುವುದಿಲ್ಲ ಎಂಬುದನ್ನು ದೂರಾಗಿ ಅಲ್ಲ, ಅಳತೆಯಾಗಿ ಮಾತ್ರ ಹೇಳುತ್ತಿದ್ದೇನೆ.

ಸಾಲ ಮಾಡಿ ಕೊಂಡರೆ ಲೆಕ್ಕ ಇನ್ನೂ ಬೇರೆ. 20 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ 7 ವರ್ಷದ ಕಂತು ತಿಂಗಳಿಗೆ ಸುಮಾರು 32,200 ರೂ. ಬಡ್ಡಿಯೇ 7 ಲಕ್ಷ ದಾಟುತ್ತದೆ. ಬಡ್ಡಿಯ ವಿಷಯದಲ್ಲಿ ನಮ್ಮ ಧರ್ಮದ ನಿಲುವನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹಸಿವಿಗೆ ಸಾಲ ಮಾಡಿದವನ ಸಂಕಟ ಬೇರೆ. ಆರು ಸೆಕೆಂಡಿನ ಖುಷಿಗಾಗಿ ರಿಬಾದ ಬಾಗಿಲು ತಟ್ಟುವವನಿಗೆ ಯಾವ ನೆಪವಿದೆ?

ಸರಕಾರದ ಪಾಲು

ಹೊಸ ಕಾರಿನ ತೆರಿಗೆಯನ್ನೂ ಒಮ್ಮೆ ನೋಡೋಣ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. 35.99 ಲಕ್ಷದ ಕಾರಿಗೆ ಇದು ಸುಮಾರು 7 ಲಕ್ಷ 19 ಸಾವಿರ ರೂ. ಆಗುತ್ತದೆ. ಈ ತೆರಿಗೆಯ ಹಣದಲ್ಲೇ ಒಂದು ಕುಟುಂಬ ಓಡಾಡುವ ಹೊಸ ಸಣ್ಣ ಕಾರು ಬರುತ್ತದೆ. 22 ಸೆಪ್ಟೆಂಬರ್ 2025ರಿಂದ, 4 ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು, ದೊಡ್ಡ ಕಾರುಗಳಿಗೆ ಶೇ. 40 ಆಯಿತು. ವಿಮೆಯಲ್ಲೂ ಹಾಗೆಯೇ. ಜೂನ್ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 1,000 ಸಿಸಿ ಮೀರದ ಕಾರಿಗೆ ವರ್ಷಕ್ಕೆ 2,094 ರೂ., 1,500 ಸಿಸಿ ಮೀರಿದ ಕಾರಿಗೆ 7,897 ರೂ.

ದೆಹಲಿಯಲ್ಲಿ, ಮುಂಬೈಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ತರುವವರು ಇನ್ನೊಂದನ್ನು ಮರೆಯುತ್ತಾರೆ. ಹೊರ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿಯ ನೋಂದಣಿ ಬೇಕು. ಕಾರಿನ ಪ್ರಾಯಕ್ಕೆ ತಕ್ಕ ತೆರಿಗೆಯನ್ನು ಇಲ್ಲಿ ಕಟ್ಟಬೇಕು. ಅಗ್ಗವೆಂದು ಕಂಡದ್ದರಲ್ಲಿ ಒಂದು ಭಾಗ ಅಲ್ಲಿಗೆ ಮುಗಿಯಿತು.

ಮನೆಯೊಳಗಿನ ಲೆಕ್ಕ

ಇಷ್ಟರ ತನಕ ಹೇಳಿದ್ದು ಗಣಿತ. ಇನ್ನು ಹೇಳುವುದು ಆ ಗಣಿತ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು.

ತಿಂಗಳಿಗೆ 24,000 ರೂ. ಕಡಿಮೆಯಾದಾಗ ಕಾರಿನ ಒಡೆಯ ಕಾರನ್ನು ನಿಲ್ಲಿಸುವುದಿಲ್ಲ. ನಿಲ್ಲುವುದು ಬೇರೆ ಯಾವುದೋ. ತಂಗಿಯ ಕಾಲೇಜಿನ ಫೀಸು ಮುಂದಿನ ತಿಂಗಳಿಗೆ ಹೋಗುತ್ತದೆ. ತಂದೆಯ ಸಕ್ಕರೆ ಕಾಯಿಲೆಯ ಪರೀಕ್ಷೆ ಮುಂದೆ ಹೋಗುತ್ತದೆ. ಹೆಂಡತಿ ತವರಿಗೆ ಹೋಗುವ ಮಾತೆತ್ತಿದರೆ ಮುಖ ಗಂಟಾಗುತ್ತದೆ. ಯಾರೂ ಕಾರಿನ ಹೆಸರು ಹೇಳುವುದಿಲ್ಲ. ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಶರೀಅತ್‌ನಲ್ಲಿ ಹೆಂಡತಿ, ಮಕ್ಕಳು ಮತ್ತು ಆಸರೆ ಬೇಕಾದ ತಂದೆ ತಾಯಿಯರ ಖರ್ಚು ಔದಾರ್ಯವಲ್ಲ, ಹೊಣೆ. ಆ ಹೊಣೆ ಮುಗಿದ ಮೇಲೆ ಉಳಿದದ್ದರಲ್ಲಿ ಮಾತ್ರ ನಮ್ಮ ಇಷ್ಟದ ಪ್ರಶ್ನೆ ಬರುತ್ತದೆ.

ಚಿನ್ನದ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಕಾರಿಗೆ ಮುಂಗಡ ಸಾಲದೆ ಬಂದಾಗ ಕಣ್ಣು ಹೋಗುವುದು ಹೆಂಡತಿಯ ಅಥವಾ ತಾಯಿಯ ಕಪಾಟಿನ ಕಡೆಗೆ. ಮಹರ್ ಆಗಿ ಬಂದ ಚಿನ್ನ ಹೆಣ್ಣಿನ ಸ್ವಂತ ಆಸ್ತಿ. ಗಂಡನಿಗೂ ಮಗನಿಗೂ ಅದರಲ್ಲಿ ಹಕ್ಕಿಲ್ಲ. ಆಕೆ ಮನಸ್ಸಿನಿಂದ ಕೊಟ್ಟರೆ ಅದು ಬೇರೆ. ಆದರೆ ಇಲ್ಲವೆಂದರೆ ಮನೆಯ ಶಾಂತಿ ಕೆಡುತ್ತದೆ ಎಂಬ ಭಯದಿಂದ ಬಳೆ ತೆಗೆದುಕೊಡುವುದು ಮನಸ್ಸಿನ ಒಪ್ಪಿಗೆಯಲ್ಲ. ಸಹೋದರಿಯರೇ, ಇಂತಹ ಸಂದರ್ಭದಲ್ಲಿ "ಮೊದಲು ತಿಂಗಳ ಲೆಕ್ಕ ಬರೆದು ತೋರಿಸು" ಎಂದು ಕೇಳುವ ಹಕ್ಕು ನಿಮಗಿದೆ. ಅದು ಎದುರುತ್ತರವಲ್ಲ.

ಝಕಾತಿನ ಕೋನದಿಂದಲೂ ನೋಡಿ. ಸ್ವಂತ ಬಳಕೆಯ ವಾಹನಕ್ಕೆ, ಅದು ಎಷ್ಟೇ ಬೆಲೆಯದ್ದಾದರೂ, ಝಕಾತ್ ಇಲ್ಲ. ಆದರೆ ಕಾರಾಗುವ ಮೊದಲು ಆ 15 ಲಕ್ಷ ಉಳಿತಾಯವಾಗಿತ್ತು. ಒಂದು ವರ್ಷ ಕೈಯಲ್ಲಿ ಉಳಿದಾಗ ಅದರ ಶೇ. 2.5, ಅಂದರೆ 37,500 ರೂ., ಬಡವರ ಪಾಲಾಗಿ ಹೊರಗೆ ಹೋಗುತ್ತಿತ್ತು. ಹಣ ಕಾರಾದ ದಿನದಿಂದ ಆ ಪಾಲೂ ನಿಂತಿತು. ಇದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆ ಕಟ್ಟಿದರೂ ಹೀಗೆಯೇ ಆಗುತ್ತದೆ. ಆದರೆ ರಮಳಾನ್‌ನಲ್ಲಿ ನಮ್ಮ ಬಾಗಿಲಿಗೆ ಬಂದು ಬರಿಗೈಯಲ್ಲಿ ಮರಳಿದ ವಿಧವೆಯ ಪಾಲು ಯಾವುದರಲ್ಲಿ ಸೇರಿಹೋಯಿತು ಎಂದು ತಿಳಿದಿರಬೇಕು.

ಹಾಗಾದರೆ ಇಂತಹ ಕಾರು ನಿಷಿದ್ಧವೇ?

ಅಲ್ಲ. ಚೆನ್ನಾಗಿ ತಯಾರಾದ ಯಂತ್ರವನ್ನು ಮೆಚ್ಚುವುದು ಪಾಪವಲ್ಲ. ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆಯನ್ನು ಇಷ್ಟಪಡುವುದು ಅಹಂಕಾರವೇ ಎಂಬ ಸಂದೇಹ ಬಂದಾಗ ಪ್ರವಾದಿ(ಸ)ಯವರು ಅದನ್ನು ಅಹಂಕಾರವೆನ್ನಲಿಲ್ಲ. ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ತಿಳಿಸಿದರು. ಆದ್ದರಿಂದ ವಸ್ತುವಿನ ಮೇಲೆ ತೀರ್ಪು ಕೊಡುವ ಮೊದಲು ಮನಸ್ಸನ್ನು ನೋಡಬೇಕು.

ಕುದುರೆಯ ಬಗ್ಗೆಯೇ ಒಂದು ಪ್ರಸಿದ್ಧ ಹದೀಸ್ ಇದೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿದೆ. ಅದರ ಸಾರಾಂಶ ಹೀಗಿದೆ. ಕುದುರೆ ಸಾಕುವವರು ಮೂರು ಬಗೆ. ಒಬ್ಬನಿಗೆ ಅದು ಪುಣ್ಯ; ಅವನು ಅದನ್ನು ಅಲ್ಲಾಹನ ಮಾರ್ಗಕ್ಕಾಗಿ ಸಾಕಿದ್ದಾನೆ, ಅದು ಮೇದ ಹುಲ್ಲು, ಕುಡಿದ ನೀರು ಕೂಡ ಅವನ ಲೆಕ್ಕಕ್ಕೆ ಸೇರುತ್ತದೆ. ಇನ್ನೊಬ್ಬನಿಗೆ ಅದು ಮರೆ. ಯಾರ ಮುಂದೆಯೂ ಕೈಚಾಚದಿರಲೆಂದು ಸಾಕಿದ್ದಾನೆ, ಅದರಲ್ಲಿ ಅಲ್ಲಾಹನಿಗಿರುವ ಹಕ್ಕನ್ನು ಮರೆತಿಲ್ಲ. ಮೂರನೆಯವನಿಗೆ ಅದು ಹೊರೆ. ಅವನು ಸಾಕಿದ್ದು ಮೆರೆಯಲು, ತೋರಿಸಿಕೊಳ್ಳಲು.

ಕುದುರೆ ಒಂದೇ. ತಿನ್ನುವ ಮೇವೂ ಒಂದೇ. ಲೆಕ್ಕ ಮಾತ್ರ ಮೂರು. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯ ಗರ್ಭಿಣಿಯನ್ನು ಆಸ್ಪತ್ರೆಗೆ ಸೇರಿಸಿದ ಕಾರಿನ ಪೆಟ್ರೋಲ್ ಒಂದು ಲೆಕ್ಕ. ದುಡಿಮೆಗೆ ಓಡುವ ಕಾರಿನ ಪೆಟ್ರೋಲ್ ಒಂದು ಲೆಕ್ಕ. ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಮುಂದೆ ಐದು ಸಲ ಹೋಗಿ ಬರುವ ಕಾರಿನ ಪೆಟ್ರೋಲ್ ಇನ್ನೊಂದು ಲೆಕ್ಕ. ಆ ಮೂರನೆಯ ಲೆಕ್ಕ ಬರೆದಿಡುವುದು ಪಂಪಿನವನಲ್ಲ.

ವೇಗದ ಬಗ್ಗೆಯೂ ಎರಡು ಮಾತು. ಆಕ್ಟೇವಿಯಾ ಆರ್‌ಎಸ್ 245 ನಿಂತಲ್ಲಿಂದ 100 ಕಿ.ಮೀ. ವೇಗ ತಲುಪಲು 6.6 ಸೆಕೆಂಡ್ ಸಾಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿಯೂ 100 ಕಿ.ಮೀ.ಯೇ. ಅಂದರೆ ಲಕ್ಷಾಂತರ ರೂಪಾಯಿ ಹೆಚ್ಚಿಗೆ ಕೊಟ್ಟು ಕೊಂಡ ಶಕ್ತಿಯನ್ನು ಕಾನೂನಿನ ಒಳಗೆ ಬಳಸಬಹುದಾದದ್ದು ಆರೂವರೆ ಸೆಕೆಂಡ್. ಅದರಾಚೆಗೆ ಹೋದರೆ ತನ್ನ ಜೀವ, ಎದುರು ಬರುವವನ ಜೀವ ಎರಡೂ ಪಣಕ್ಕೆ. ಜೀವ ನಮ್ಮ ಕೈಯಲ್ಲಿರುವ ಅಮಾನತ್. ಸೈಲೆನ್ಸರ್ ಬದಲಿಸಿ ಗುಂಡು ಹೊಡೆದಂತೆ ಸದ್ದು ಮಾಡಿಸುವುದಂತೂ ನೆರೆಯವರ ಹಕ್ಕಿನ ಪ್ರಶ್ನೆ. ವಾಹನವನ್ನು ತಯಾರಕರ ಮೂಲ ವಿನ್ಯಾಸ ಮೀರಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಹೇಳಿದೆ. ಹಾಗೆ ಬದಲಿಸಿ ವಿಮಾ ಕಂಪೆನಿಗೆ ತಿಳಿಸದಿದ್ದರೆ ಅಪಘಾತವಾದ ದಿನ ಪರಿಹಾರವೂ ಕೈತಪ್ಪಬಹುದು.

ಕೊಳ್ಳುವ ಮೊದಲು ಆರು ತಿಂಗಳು

ಮನೆಯಲ್ಲಿ ಇಂತಹ ಕಾರಿನ ಮಾತು ಬಂದರೆ ಬೇಡ ಎಂದು ಜಗಳ ಮಾಡುವುದಕ್ಕಿಂತ ಒಂದು ಪರೀಕ್ಷೆ ಇಡಿ. ಕಾರು ಕೊಳ್ಳುವ ಮೊದಲೇ, ಈಗಿರುವ ಕಾರಿನ ಖರ್ಚಿನ ಮೇಲೆ, ಆ ವ್ಯತ್ಯಾಸದ 24,000 ರೂಪಾಯಿಯನ್ನು ಪ್ರತಿ ತಿಂಗಳು ಬೇರೆ ತೆಗೆದಿಡಲಿ. ಆರು ತಿಂಗಳು ತಪ್ಪಬಾರದು, ಅದರಿಂದ ಒಂದು ರೂಪಾಯಿಯೂ ತೆಗೆಯಬಾರದು, ಮನೆಯ ಯಾವ ಖರ್ಚೂ ನಿಲ್ಲಬಾರದು. ಆರು ತಿಂಗಳ ಬಳಿಕ 1,44,000 ರೂ. ಕೈಯಲ್ಲಿದ್ದು ಮನೆಯವರ ಮುಖ ಬಾಡದಿದ್ದರೆ ಅವನಿಗೆ ಆ ಕಾರು ಸಾಕುವ ಶಕ್ತಿ ಇದೆ ಎಂದು ತಿಳಿಯಬಹುದು. ಎರಡನೇ ತಿಂಗಳಲ್ಲೇ ಕೈ ಸೋತರೆ, ಕಾರಿಲ್ಲದೆಯೇ ಪಾಠ ಕಲಿತಂತಾಯಿತು, ಹಣವೂ ಉಳಿಯಿತು.

ಪರೀಕ್ಷೆಯಲ್ಲಿ ಗೆದ್ದವರಿಗೆ ಕೆಲವು ಸೂಚನೆಗಳು. ಸರ್ವಿಸ್ ದಾಖಲೆ ಇಲ್ಲದ ಕಾರನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಡಿಎಸ್‌ಜಿ ಗೇರ್‌ಬಾಕ್ಸಿಗೆ ಸುಮಾರು 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸಬೇಕು; ಬದಲಿಸಿದ ಬಿಲ್ಲನ್ನು ಕೇಳಿ ನೋಡಿ. ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿಗಳಿರುತ್ತವೆ, ಅವನ್ನು ಓದಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸದೆ ಮುಂಗಡ ಕೊಡಬೇಡಿ. ಕೊಂಡ ಮೇಲೆ ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮತ್ತೆ ಪೂರ್ತಿ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು ಎಂದು ನೋಡಿ ಭಾಗಿಸಿ. ಅದು ನಿಮ್ಮ ನಿಜವಾದ ಮೈಲೇಜ್. ಮೈಲೇಜ್ ಹಠಾತ್ತನೆ ಇಳಿದರೆ ಕಾರಿಗೆ ಏನೋ ಕಾಯಿಲೆ ಎಂದು ಅರ್ಥ. ಟೈರಿನ ಗಾಳಿಯನ್ನು ಎರಡು ವಾರಕ್ಕೊಮ್ಮೆ ನೋಡಿಸಿ. ಎಲ್ಲಕ್ಕಿಂತ ಮುಖ್ಯ, ಹಣ ಸಾಲದೆ ಬಂದಾಗ ಬ್ರೇಕಿಗೂ ಟೈರಿಗೂ ಅಗ್ಗದ ಮಾಲು ಹಾಕಬೇಡಿ. ಒಳ್ಳೆಯ ಬ್ರೇಕಿಗೆ ಹಣವಿಲ್ಲದವನು ಆ ವೇಗಕ್ಕೆ ಅರ್ಹನಲ್ಲ. ಅಂತಹವನು ಕಾರನ್ನು ಮಾರುವುದೇ ಲೇಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಬಡವರಿಗೆ ಮಾತ್ರವಲ್ಲ. ದುಂದಿಗೂ ಜಿಪುಣತನಕ್ಕೂ ನಡುವಿನ ಹಾದಿಯನ್ನು ಕುರ್‌ಆನ್ ಸಜ್ಜನರ ಲಕ್ಷಣವಾಗಿ ಸೂರಃ ಅಲ್ ಫುರ್ಕಾನ್‌ನಲ್ಲಿ ತಿಳಿಸಿದೆ. ಆ ಹಾದಿ ಎಲ್ಲಿದೆ ಎಂಬುದು ಪ್ರತಿ ಮನೆಗೂ ಬೇರೆ ಬೇರೆ. ಒಬ್ಬನಿಗೆ ಅದು ಸೈಕಲ್‌ನಲ್ಲಿ ಇರಬಹುದು, ಇನ್ನೊಬ್ಬನಿಗೆ ದೊಡ್ಡ ಕಾರಿನಲ್ಲೂ ಇರಬಹುದು. ಆದರೆ ಅದನ್ನು ಹುಡುಕಬೇಕಾದರೆ ಲೆಕ್ಕ ಬರೆಯಬೇಕು, ಮನೆಯವರ ಮುಂದೆ ಓದಿ ಹೇಳಬೇಕು. ಓದಿ ಹೇಳಲು ಸಂಕೋಚವಾಗುವ ಖರ್ಚು ಯಾವುದೋ, ಅಲ್ಲಿಯೇ ನಿಲ್ಲಬೇಕು.

ನಮಗೆ ದೊರೆತ ಸಂಪತ್ತಿನಲ್ಲಿ ಅಲ್ಲಾಹನು ಬರಕತ್ ನೀಡಲಿ, ಅದು ನಮ್ಮ ಮೇಲೆ ಹೊರೆಯಾಗದಂತೆ ಕಾಪಾಡಲಿ. ಆಮೀನ್.